ಡೇಟಾಬೇಸ್ ಕೋಡ್‌ನ ಫಂಕ್ಷನ್ ಹೆಸರುಗಳನ್ನು ಒಂದು ದಾರಿಗೆ ತರುವುದು ಹೇಗೆ

ಒಂದು ಸಾಫ್ಟ್‌ವೇರ್ ಎಷ್ಟು ಜನರ ಕೈ ದಾಟಿ ಬಂದಿದೆ ಅಂತ ತಿಳಿಯಬೇಕಾ? ಅದರ ಡೇಟಾಬೇಸ್‌ನಲ್ಲಿರುವ ಫಂಕ್ಷನ್‌ಗಳ (ಹೆಸರು ಹಿಡಿದು ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡ್ ತುಣುಕುಗಳ) ಪಟ್ಟಿ ತೆಗೆದು ನೋಡಿ. ಒಂದು ಕಡೆ ‘ಗೆಟ್_ಮೆಂಬರ್’. ಸ್ವಲ್ಪ ಕೆಳಗೆ ‘ಫೆಚ್_ಕಸ್ಟಮರ್’. ಇನ್ನೂ ಕೆಳಗೆ ‘ಸದಸ್ಯ_ಡಿಟೇಲ್ಸ್_ನ್ಯೂ’, ಅದರ ಬೆನ್ನಿಗೇ ‘ಸದಸ್ಯ_ಡಿಟೇಲ್ಸ್_ನ್ಯೂ2’. ನಾಲ್ಕೂ ಮಾಡುವುದು ಹೆಚ್ಚುಕಡಿಮೆ ಒಂದೇ ಕೆಲಸ. ಆದರೆ ಆ ‘ಹೆಚ್ಚುಕಡಿಮೆ’ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಅಂತ ಹೇಳುವವರು ಯಾರೂ ಉಳಿದಿರುವುದಿಲ್ಲ.

ಕಾಸರಗೋಡಿನ ಕಡೆ ಅಡಿಕೆ ಅಂಗಡಿಗಳಿಗೆ, ಸಹಕಾರಿ ಸಂಘಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡಗಳಲ್ಲಿ ಈ ಗೋಜಲು ಸ್ವಲ್ಪ ಜಾಸ್ತಿಯೇ. ಉಪ್ಪಳದ ಹುಡುಗ ‘ಅಡಿಕೆ’ ಅಂತ ಟೈಪ್ ಮಾಡುತ್ತಾನೆ, ಕಾಞಂಗಾಡಿನ ಹುಡುಗಿ ‘ಅಡಕ್ಕ’ ಅಂತ, ಪುಸ್ತಕ ನೋಡಿ ಬರೆಯುವವರು ‘ಅರೆಕನಟ್’ ಅಂತ, ಹಳೇ ಬಿಲ್ ಬುಕ್ ನೋಡಿ ಬರೆದವರು ‘ಬೀಟಲ್‌ನಟ್’ ಅಂತ. ಯಾರದ್ದೂ ತಪ್ಪಲ್ಲ. ಆದರೆ ಆರು ತಿಂಗಳು ಬಿಟ್ಟು ಸ್ಟಾಕ್ ಲೆಕ್ಕದ ಫಂಕ್ಷನ್ ಹುಡುಕುವವರು ನಾಲ್ಕು ಸಲ ಹುಡುಕಬೇಕು. ಮೂರೇ ಸಲ ಹುಡುಕಿ ಸಿಗಲಿಲ್ಲ ಅಂತ ಐದನೆಯದನ್ನು ಬರೆದು ಹೋಗುತ್ತಾರೆ.

ಇದನ್ನು ಸರಿಮಾಡಲು ಹೊರಡುವ ಮೊದಲು ಒಂದು ಮಾತು ಒಪ್ಪಿಕೊಳ್ಳಿ. ಹೆಸರು ಚೆನ್ನಾಗಿರುವುದಕ್ಕಿಂತ ಎಲ್ಲ ಕಡೆ ಒಂದೇ ಥರ ಇರುವುದು ಮುಖ್ಯ. ಸಾಧಾರಣ ಹೆಸರೊಂದು ಇನ್ನೂರು ಕಡೆ ಒಂದೇ ರೀತಿ ಇದ್ದರೆ ಹುಡುಕಿದವರಿಗೆ ಸಿಗುತ್ತದೆ. ಸೊಗಸಾದ ಹೆಸರು ನೂರು ಕಡೆ, ಹಳೆಯದು ನೂರು ಕಡೆ ಇದ್ದರೆ ಎರಡೂ ಸಿಗುವುದಿಲ್ಲ.

ಉದಾಹರಣೆಗಳನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇಟ್ಟುಕೊಂಡೇ ಕೊಡುತ್ತೇನೆ, ಬೇರೆ ಡೇಟಾಬೇಸ್‌ಗಳ ವಿಷಯ ಬೇಕಾದಲ್ಲಿ ಹೇಳುತ್ತೇನೆ. ಓದಲು ಸುಲಭ ಅಂತ ಹೆಸರುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ನಿಮ್ಮ ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುತ್ತವೆ ಅಂತ ಇಟ್ಟುಕೊಳ್ಳಿ.

ಮೊದಲು ಪಟ್ಟಿ ತೆಗೆಯಿರಿ

ನಿಯಮ ಬರೆಯಲು ಕೂರಬೇಡಿ. ಮೊದಲು ಇರುವುದನ್ನು ನೋಡಿ. ಪೋಸ್ಟ್‌ಗ್ರೆಸ್‌ನಲ್ಲಿ ಎಲ್ಲ ಫಂಕ್ಷನ್‌ಗಳೂ ‘ಪಿಜಿ_ಪ್ರೋಕ್’ ಎಂಬ ಒಳಗಿನ ಟೇಬಲ್‌ನಲ್ಲಿರುತ್ತವೆ. ಅಲ್ಲಿ ಪೋಸ್ಟ್‌ಗ್ರೆಸ್‌ನ ಸ್ವಂತ ಫಂಕ್ಷನ್‌ಗಳೂ ಸೇರಿಕೊಂಡಿರುತ್ತವೆ, ಹಾಗಾಗಿ ನಿಮ್ಮ ಸ್ಕೀಮಾಗೆ (ಡೇಟಾಬೇಸ್‌ನೊಳಗಿನ ಹೆಸರಿಟ್ಟ ವಿಭಾಗಕ್ಕೆ) ಮಾತ್ರ ಫಿಲ್ಟರ್ ಹಾಕಿ. ಎಕ್ಸ್‌ಟೆನ್ಷನ್‌ಗಳನ್ನು (ಹೊರಗಿನಿಂದ ಸೇರಿಸುವ ಹೆಚ್ಚುವರಿ ಸೌಲಭ್ಯಗಳನ್ನು) ‘ಪಬ್ಲಿಕ್’ ಸ್ಕೀಮಾದೊಳಗೇ ಹಾಕಿದ್ದರೆ ಅವುಗಳದ್ದನ್ನೂ ಬಿಡಿ. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ‘ಇನ್ಫರ್ಮೇಷನ್_ಸ್ಕೀಮಾ’ದ ‘ರೂಟೀನ್ಸ್’ ನೋಡಬೇಕು.

ಹೆಸರಿನ ಜೊತೆ ಆರ್ಗ್ಯುಮೆಂಟ್‌ಗಳನ್ನೂ (ಕರೆಯುವಾಗ ಫಂಕ್ಷನ್‌ಗೆ ಕೊಡುವ ಮಾಹಿತಿ) ತೆಗೆಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೇ ಹೆಸರಿನ ಹಲವು ಫಂಕ್ಷನ್ ಇರಬಹುದು, ಆರ್ಗ್ಯುಮೆಂಟ್‌ಗಳ ಟೈಪ್ ಬೇರೆಯಾದರೆ ಸಾಕು. ‘ಕ್ರಿಯೇಟ್ ಆರ್ ರಿಪ್ಲೇಸ್’ ಅಂತ ಕೊಟ್ಟಿದ್ದೇನಲ್ಲ, ಹಳೆಯದು ಹೋಯಿತು ಅಂತ ನೀವು ಅಂದುಕೊಂಡಿರುತ್ತೀರಿ. ಆದರೆ ಒಂದು ಆರ್ಗ್ಯುಮೆಂಟ್ ಹೆಚ್ಚಿಗೆ ಸೇರಿಸಿದ್ದರೆ ಹಳೆಯದು ಹೋಗಿರುವುದೇ ಇಲ್ಲ. ಎರಡೂ ಪಕ್ಕಪಕ್ಕದಲ್ಲಿ ಕೂತಿರುತ್ತವೆ. ಈ ಪಟ್ಟಿಯಲ್ಲಿ ಅಂಥವು ಮೊದಲ ಸಲ ಕಣ್ಣಿಗೆ ಬೀಳುತ್ತವೆ.

ಆಮೇಲೆ ಹೆಸರನ್ನು ಅಂಡರ್‌ಸ್ಕೋರ್‌ನಲ್ಲಿ ಒಡೆದು, ಮೊದಲ ಪದ ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸಿ. ‘ಸ್ಪ್ಲಿಟ್_ಪಾರ್ಟ್’ ಹಾಕಿ ಗ್ರೂಪ್ ಮಾಡಿದರೆ ಒಂದು ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯಲ್ಲಿ) ಮುಗಿಯುತ್ತದೆ. ಚಾಲಿ ಅಡಿಕೆಯ ರಾಶಿಯಿಂದ ಪಟೋರ, ಉಳ್ಳಿ, ಕರಿಗೋಟು ಎಂಬ ಬಗೆಗಳನ್ನು ಬೇರೆ ಮಾಡುವ ಹಾಗೆ, ರಾಶಿ ಹರಡಿದಾಗಲೇ ಯಾವುದು ಎಷ್ಟಿದೆ ಅಂತ ಗೊತ್ತಾಗುವುದು. ‘ಗೆಟ್’ ನೂರು ಸಲ, ‘ಫೆಚ್’ ಹನ್ನೆರಡು ಸಲ, ‘ರಿಟ್ರೀವ್’ ಎರಡು ಸಲ ಇದೆ ಅಂದುಕೊಳ್ಳಿ. ಅಲ್ಲಿಗೆ ಚರ್ಚೆ ಮುಗಿಯಿತು. ‘ಗೆಟ್’ ಗೆದ್ದಿತು. ‘ಫೆಚ್’ ಅರ್ಥದಲ್ಲಿ ಹೆಚ್ಚು ಸರಿ ಅಂತ ವಾದ ಮಾಡುವವರಿಗೆ ಚಹಾ ಕೊಡಿಸಿ ಕೂರಿಸಿ.

ಕ್ರಿಯಾಪದಗಳನ್ನು ಕಟ್ಟಿಹಾಕಿ

ಇಡೀ ಕೆಲಸದಲ್ಲಿ ನಿಜವಾಗಿ ತಲೆ ಓಡಿಸಬೇಕಾದದ್ದು ಇಲ್ಲಿ. ಬಳಸುವ ಕ್ರಿಯಾಪದಗಳು ಹತ್ತರಿಂದ ಹದಿನೈದು ಇದ್ದರೆ ಸಾಕು. ಆದರೆ ಒಂದೊಂದಕ್ಕೂ ಒಂದು ಮಾತು ಕೊಟ್ಟಿರಬೇಕು, ಆ ಮಾತನ್ನು ಕೋಡ್ ಮೀರಬಾರದು.

ನಾನು ಹೇಳುವ ಹಂಚಿಕೆ ಹೀಗೆ. ‘ಗೆಟ್’ ಅಂದರೆ ಟೇಬಲ್‌ನ ಒಂದೇ ಒಂದು ಸಾಲು ಬರಬೇಕು, ಇಲ್ಲದಿದ್ದರೆ ಎರರ್. ಪೋಸ್ಟ್‌ಗ್ರೆಸ್‌ನಲ್ಲಿ ಫಂಕ್ಷನ್ ಬರೆಯುವ ಭಾಷೆಯಾದ ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲಿ ‘ಸೆಲೆಕ್ಟ್ ಇಂಟು ಸ್ಟ್ರಿಕ್ಟ್’ ಅಂತ ಬರೆದರೆ ಈ ಮಾತನ್ನು ಡೇಟಾಬೇಸೇ ಕಾಯುತ್ತದೆ, ಸಾಲು ಸಿಗದಿದ್ದರೂ ಎರರ್, ಎರಡು ಸಿಕ್ಕಿದರೂ ಎರರ್. ‘ಫೈಂಡ್’ ಅಂದರೆ ಸಿಗಬಹುದು, ಸಿಗದಿರಬಹುದು, ಸಿಗದಿದ್ದರೆ ನಲ್ (ಏನೂ ಇಲ್ಲ ಎಂಬ ಗುರುತು). ‘ಲಿಸ್ಟ್’ ಅಂದರೆ ಎಷ್ಟು ಸಾಲು ಬೇಕಾದರೂ ಬರಬಹುದು, ಸೊನ್ನೆಯೂ ಸರಿ. ಇಷ್ಟು ಗಟ್ಟಿಯಾದರೆ ‘ಗೆಟ್_ಮೆಂಬರ್’ ಕರೆದ ಕಡೆಯಲ್ಲೆಲ್ಲ ನಲ್ ಬಂತಾ ಅಂತ ನೋಡುವ ಕೆಲಸ ಇಲ್ಲ, ‘ಫೈಂಡ್_ಮೆಂಬರ್’ ಕರೆದಲ್ಲಿ ನೋಡದಿದ್ದರೆ ಪಕ್ಕದವರು ರಿವ್ಯೂನಲ್ಲಿ ಕೂಡಲೇ ಹಿಡಿಯುತ್ತಾರೆ.

‘ಡಿಲೀಟ್’ ಇನ್ನೂ ಸೂಕ್ಷ್ಮ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಬಿಲ್ ರದ್ದಾದರೂ ಸಾಲು ಉಳಿಯಬೇಕು, ಆಡಿಟರ್ ಕೇಳುತ್ತಾರೆ. ‘ಡಿಲೀಟ್_ಬಿಲ್’ ಎಂಬುದು ರದ್ದಾಯಿತೆಂದು ಗುರುತು ಮಾತ್ರ ಹಾಕಿ, ‘ರಿಮೂವ್_ಬಿಲ್’ ಎಂಬುದು ಸಾಲನ್ನೇ ಅಳಿಸಿಹಾಕುವ ಕೋಡ್‌ಗಳಿವೆ. ಹೊಸದಾಗಿ ಸೇರಿದವರಿಗೆ ಇದು ಹೇಗೆ ಗೊತ್ತಾಗಬೇಕು? ಸಾಲು ನಿಜವಾಗಿ ಹೋಗುವುದಾದರೆ ಮಾತ್ರ ‘ಡಿಲೀಟ್’. ಗುರುತು ಹಾಕುವುದಾದರೆ ‘ಕ್ಯಾನ್ಸಲ್’. ‘ರಿಮೂವ್’ ಪದವೇ ಬೇಡ.

ಓದುವಂತೆ ಕಾಣಿಸಿ ಒಳಗಿಂದ ಬರೆಯುವ ಫಂಕ್ಷನ್‌ಗಳು ಎಲ್ಲಕ್ಕಿಂತ ಕೆಟ್ಟವು. ‘ಗೆಟ್_ಬಿಲ್_ನಂಬರ್’ ಅಂತ ಒಂದಿದೆ ಎಂದುಕೊಳ್ಳಿ. ಒಳಗೆ ‘ನೆಕ್ಸ್ಟ್‌ವಾಲ್’ ಕರೆಯುತ್ತದೆ, ಅದು ಸೀಕ್ವೆನ್ಸ್ ಎಂಬ ಎಣಿಕೆಯಿಂದ ಮುಂದಿನ ನಂಬರ್ ತೆಗೆದುಬಿಡುತ್ತದೆ. ‘ಗೆಟ್’ ಅಲ್ವಾ, ಸುಮ್ನೆ ಓದುತ್ತದೆ ಅಂತ ಯಾರೋ ಅದನ್ನು ಪ್ರಿವ್ಯೂ ಪರದೆಗೆ ಹಾಕುತ್ತಾರೆ. ಪ್ರಿವ್ಯೂ ನೋಡಿದಾಗಲೆಲ್ಲ ಒಂದು ನಂಬರ್ ಹೋಗುತ್ತದೆ. ಪೋಸ್ಟ್‌ಗ್ರೆಸ್‌ನ ಸೀಕ್ವೆನ್ಸ್ ರೋಲ್‌ಬ್ಯಾಕ್ ಮಾಡಿದರೂ (ಮಾಡಿದ ಕೆಲಸ ರದ್ದುಮಾಡಿದರೂ) ಹಿಂದೆ ಬರುವುದಿಲ್ಲ. ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ನಂಬರ್ ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು. ನಡುನಡುವೆ ನಂಬರ್ ಹಾರಿದ್ದು ಏಕೆ ಅಂತ ಕೇಳಿದರೆ ಅಂಗಡಿಯವರು ಏನು ಹೇಳಬೇಕು? ಇಂಥದಕ್ಕೆ ‘ಅಲೋಕೇಟ್_ಬಿಲ್_ನಂಬರ್’ ಅಂತ ಹೆಸರಿಡಿ, ಕರೆಯುವವರು ಎರಡು ಸಲ ಯೋಚಿಸುತ್ತಾರೆ. ಸೀಕ್ವೆನ್ಸ್ ನಂಬಿಕೊಂಡರೆ ನಂಬರ್ ಹಾರುವುದು ಪೂರ್ತಿ ನಿಲ್ಲುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಬೇಕು, ಆ ಕಥೆ ಇಲ್ಲಿ ಬೇಡ.

ವಸ್ತುಗಳಿಗೆ ಒಂದೊಂದೇ ಹೆಸರು

ಕ್ರಿಯಾಪದ ಮುಗಿದ ಮೇಲೆ ನಾಮಪದ. ಒಂದು ಪುಟ ಸಾಕು. ಮೆಂಬರ್, ಕಸ್ಟಮರ್, ಸದಸ್ಯ, ಪಾರ್ಟಿ ಇವೆಲ್ಲ ಒಬ್ಬರೇನಾ? ಸಂಘದಲ್ಲಿ ಷೇರು ಇರುವವರು ಮೆಂಬರ್, ಷೇರಿಲ್ಲದೆ ಅಡಿಕೆ ತಂದು ಹಾಕುವವರು ಬೇರೆ. ಹಾಗಿದ್ದರೆ ಎರಡು ಹೆಸರು ನಿಜವಾಗಿಯೂ ಬೇಕು. ಬೇರೆ ವಸ್ತುಗಳನ್ನು ಒಂದೇ ಹೆಸರಿಗೆ ತುರುಕುವುದೂ ಗೋಜಲೇ.

ಅಡಿಕೆಯ ವಿಷಯದಲ್ಲಿ ನಾನು ‘ಅರೆಕನಟ್’ ಪಕ್ಷ. ತೆರಿಗೆಗಾಗಿ ಸರಕುಗಳಿಗೆ ಕೋಡ್ ಕೊಡುವ ಎಚ್‌ಎಸ್‌ಎನ್ ಪಟ್ಟಿಯಲ್ಲಿ 0802 80ರ ಕೆಳಗೆ ಅದೇ ಪದ ಇದೆ, ಬಿಲ್ಲಿನಲ್ಲಿ ಹೇಗೂ ಅದು ಬರುತ್ತದೆ. ಆದರೆ ಪಟೋರ, ಉಳ್ಳಿ, ಕರಿಗೋಟು ಇವುಗಳಿಗೆ ಇಂಗ್ಲಿಷ್ ಹುಡುಕಲು ಹೋಗಬೇಡಿ. ಮಾರುಕಟ್ಟೆಯಲ್ಲಿ ಹೇಗೆ ಹೇಳುತ್ತಾರೋ ಹಾಗೇ ಇರಲಿ. ಇಂಗ್ಲಿಷ್ ಅಕ್ಷರದಲ್ಲಿ ಸ್ಪೆಲ್ಲಿಂಗ್ ಮಾತ್ರ ಒಂದೇ ಮಾಡಿ, ಪಟೋರಕ್ಕೆ ಒಂದು ‘ಟಿ’ ಹಾಕುವವರೂ ಎರಡು ‘ಟಿ’ ಹಾಕುವವರೂ ಒಂದೇ ಕೋಣೆಯಲ್ಲಿ ಕೂತಿರುತ್ತಾರೆ.

ಊರಿನ ಹೆಸರು ಫಂಕ್ಷನ್ ಹೆಸರಿನಲ್ಲಿ ಬರಲೇಬಾರದು. ‘ಬದಿಯಡ್ಕ_ಸ್ಟಾಕ್_ರಿಪೋರ್ಟ್’, ‘ಕುಂಬಳೆ_ಸ್ಟಾಕ್_ರಿಪೋರ್ಟ್’ ಅಂತ ಬ್ರಾಂಚ್‌ಗೊಂದು ಮಾಡಿದರೆ ನಾಳೆ ಮುಳ್ಳೇರಿಯಕ್ಕೆ ಇನ್ನೊಂದು. ಜೊತೆಗೆ ನಮ್ಮ ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದು ರಗಳೆ. ಕಾಸರಗೋಡಿಗೆ ‘ಆರ್’ ಆದ ಮೇಲೆ ‘ಎ’ ಹಾಕುವವರು, ಬಿಡುವವರು ಇಬ್ಬರೂ ಇದ್ದಾರೆ. ಮಂಜೇಶ್ವರಕ್ಕೆ ಕೊನೆಯಲ್ಲಿ ‘ಎಂ’ ಇದೆಯೋ ಇಲ್ಲವೋ ಎಂಬುದು ಬರೆಯುವವರ ಮನೆಮಾತಿನ ಮೇಲೆ ಹೋಗುತ್ತದೆ. ಊರು ಆರ್ಗ್ಯುಮೆಂಟ್ ಆಗಿ ಬರಲಿ.

ಹೆಸರನ್ನೇ ಕನ್ನಡ ಲಿಪಿಯಲ್ಲಿ ಇಡಬಹುದಾ ಅಂತ ಕೆಲವರು ಕೇಳುತ್ತಾರೆ. ಪೋಸ್ಟ್‌ಗ್ರೆಸ್ ಒಪ್ಪುತ್ತದೆ. ಆದರೆ ಹೆಸರಿಗೆ ಇರುವ ಜಾಗ 63 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ರೀತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಒತ್ತು, ಕೊಂಬು, ದೀರ್ಘ ಎಲ್ಲ ಪ್ರತ್ಯೇಕ ಲೆಕ್ಕ. ‘ಬದಿಯಡ್ಕ’ ಒಂದಕ್ಕೇ 21 ಬೈಟ್ ಹೋಯಿತು. 63 ದಾಟಿದ್ದನ್ನು ಒಂದು ನೋಟಿಸ್ ಕೊಟ್ಟು ಕತ್ತರಿಸಿ ಮುಂದೆ ಹೋಗುತ್ತದೆ, ನಿಲ್ಲಿಸುವುದಿಲ್ಲ. ಮೊದಲ 63 ಬೈಟ್ ಒಂದೇ ಆಗಿ, ಆರ್ಗ್ಯುಮೆಂಟ್‌ಗಳೂ ಒಂದೇ ಆದ ಎರಡು ಉದ್ದ ಹೆಸರುಗಳಿದ್ದರೆ ‘ಕ್ರಿಯೇಟ್ ಆರ್ ರಿಪ್ಲೇಸ್’ ಒಂದರ ಮೇಲೆ ಇನ್ನೊಂದನ್ನು ಬರೆದುಬಿಡಬಹುದು.

ಅಕ್ಷರದ ರೀತಿ: ಇದಕ್ಕೆ ಜಾಸ್ತಿ ಹೊತ್ತು ಬೇಡ

ಪೋಸ್ಟ್‌ಗ್ರೆಸ್‌ನಲ್ಲಿ ಸಣ್ಣಕ್ಷರ, ನಡುವೆ ಅಂಡರ್‌ಸ್ಕೋರ್. ಚರ್ಚೆ ಬೇಡ. ಕೋಟ್ (ಉದ್ಧರಣ ಚಿಹ್ನೆ) ಇಲ್ಲದ ಹೆಸರನ್ನು ಅದು ಹೇಗೂ ಸಣ್ಣಕ್ಷರಕ್ಕೆ ಇಳಿಸುತ್ತದೆ, ನಡುವೆ ದೊಡ್ಡಕ್ಷರ ಹಾಕಿ ಬರೆದ ನಿಮ್ಮ ಶ್ರಮ ನೀರುಪಾಲು. ಕೋಟ್ ಹಾಕಿ ದೊಡ್ಡಕ್ಷರ ಉಳಿಸಿಕೊಂಡರೆ ಆ ಹೆಸರನ್ನು ಕರೆಯುವವರೆಲ್ಲ ಜೀವಮಾನವಿಡೀ ಕೋಟ್ ಹಾಕಬೇಕು. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ‘ಎಸ್‌ಪಿ_’ ಎಂದು ಶುರುಮಾಡಬೇಡಿ, ಅದು ಸಿಸ್ಟಮ್ ಪ್ರೊಸೀಜರ್‌ಗಳ ಗುರುತು, ಮೈಕ್ರೋಸಾಫ್ಟೇ ಬೇಡ ಅನ್ನುತ್ತದೆ.

ಕ್ರಿಯಾಪದ ಮೊದಲೋ ವಸ್ತು ಮೊದಲೋ ಎಂಬುದಕ್ಕೆ ಸರಿಯುತ್ತರ ಇಲ್ಲ. ‘ಬಿಲ್_ಕ್ಯಾನ್ಸಲ್’ ಅಂತ ವಸ್ತು ಮೊದಲಿಟ್ಟರೆ ಬಿಲ್ಲಿಗೆ ಸೇರಿದ್ದೆಲ್ಲ ಪಟ್ಟಿಯಲ್ಲಿ ಒಟ್ಟಿಗೆ ಬರುತ್ತದೆ. ಪೋಸ್ಟ್‌ಗ್ರೆಸ್ 15ರಲ್ಲೂ ‘ಪಿಜಿ_ಸ್ಟಾರ್ಟ್_ಬ್ಯಾಕಪ್’ ಹೋಗಿ, ವಸ್ತು ಮೊದಲಿರುವ ‘ಪಿಜಿ_ಬ್ಯಾಕಪ್_ಸ್ಟಾರ್ಟ್’ ಬಂತು. ನಿಮ್ಮ ಎಣಿಕೆಯಲ್ಲಿ ಯಾವ ಕಡೆ ಜಾಸ್ತಿ ಇದೆಯೋ ಆ ಕಡೆ ಹೋಗಿ.

ಒಳಗಿನದು, ಹೊರಗಿನದು

ಹೆಸರು ಬದಲಿಸುವ ಮೊದಲು ಪ್ರತಿಯೊಂದನ್ನೂ ಎರಡು ಗುಂಪಿಗೆ ಹಾಕಿ. ನಿಮ್ಮ ಕೋಡ್ ಮಾತ್ರ ಕರೆಯುವುದು ಒಳಗಿನದು. ಬೇರೆ ಯಾರಾದರೂ ಕರೆಯುವುದು ಹೊರಗಿನದು. ಮೊಬೈಲ್ ಆ್ಯಪ್, ಎಕ್ಸೆಲ್‌ನಿಂದ ನೇರ ಡೇಟಾಬೇಸ್‌ಗೆ ಕೊಂಡಿ ಹಾಕಿಕೊಂಡ ಅಕೌಂಟೆಂಟ್, ರಾತ್ರಿ ತಾನಾಗಿ ಓಡುವ ಕ್ರಾನ್ ಕೆಲಸ, ಎಲ್ಲ ಹೊರಗಿನವರೇ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇದನ್ನು ಹೆಸರಿನಲ್ಲೇ ತೋರಿಸುತ್ತದೆ. ಹೊರಗಿನವರಿಗಿರುವುದೆಲ್ಲ ‘ಎಸ್‌ಕ್ಯೂಲೈಟ್3_’ ಅಂತ ಅಂಡರ್‌ಸ್ಕೋರ್ ಜೊತೆ ಶುರುವಾಗುತ್ತದೆ. ಫೈಲ್‌ಗಳ ನಡುವೆ ಒಳಗಿಂದೊಳಗೆ ಬಳಸುವುದಕ್ಕೆ ಅಂಡರ್‌ಸ್ಕೋರ್ ಇಲ್ಲ, ಮುಂದಿನದು ದೊಡ್ಡಕ್ಷರದಿಂದ ಹೊರಡುತ್ತದೆ. ‘ಪ್ರಿಪೇರ್’ ಫಂಕ್ಷನ್‌ನ ನಡವಳಿಕೆ ಸುಧಾರಿಸಬೇಕಾದಾಗ ಹಳೆಯದನ್ನು ಮುಟ್ಟದೆ ‘ಪ್ರಿಪೇರ್_ವಿ2’, ಆಮೇಲೆ ‘ಪ್ರಿಪೇರ್_ವಿ3’ ಸೇರಿಸಿದರು. ನೋಡಲು ಚಂದ ಇಲ್ಲ. ಆದರೆ ಹಳೇ ಪ್ರೋಗ್ರಾಮ್‌ಗಳು ಓಡುತ್ತಲೇ ಇವೆ.

ಪೋಸ್ಟ್‌ಗ್ರೆಸ್ 2017ರಲ್ಲಿ, 10ನೇ ಆವೃತ್ತಿಯಲ್ಲಿ, ಇನ್ನೊಂದು ದಾರಿ ಹಿಡಿಯಿತು. ‘ಪಿಜಿ_ಎಕ್ಸ್‌ಲಾಗ್’ ಎಂಬ ಫೋಲ್ಡರ್ ನೋಡಿ ಇದು ಯಾವುದೋ ಲಾಗ್, ಡಿಸ್ಕ್ ತುಂಬಿದೆ, ತೆಗೆಯೋಣ ಅಂತ ಅಳಿಸಿ ಡೇಟಾ ಕಳೆದುಕೊಂಡವರಿದ್ದರು. ಹಾಗಾಗಿ ಅದು ‘ಪಿಜಿ_ವಾಲ್’ ಆಯಿತು (ವಾಲ್ ಅಂದರೆ ರೈಟ್-ಅಹೆಡ್ ಲಾಗ್, ಡೇಟಾದ ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ). ಫೋಲ್ಡರ್ ಒಂದನ್ನೇ ಬದಲಿಸಿದರೆ ಹೊಸ ಗೊಂದಲ ಅಲ್ವಾ? ಫಂಕ್ಷನ್‌ಗಳಲ್ಲೂ ಟೂಲ್‌ಗಳಲ್ಲೂ ‘ಎಕ್ಸ್‌ಲಾಗ್’ ಇದ್ದದ್ದೆಲ್ಲ ‘ವಾಲ್’ ಆಯಿತು. ಆ ಹೆಸರು ಬಳಸುತ್ತಿದ್ದ ಮಾನಿಟರಿಂಗ್ ಸ್ಕ್ರಿಪ್ಟ್‌ಗಳನ್ನು ತಿದ್ದಬೇಕಾಯಿತು. ಆದರೆ ಒಳಗಿನ ಸಿ ಕೋಡ್‌ನಲ್ಲಿ ‘ಎಕ್ಸ್‌ಲಾಗ್’ ಇವತ್ತಿಗೂ ಹಾಗೇ ಇದೆ. ಅಪಾಯ ಇದ್ದದ್ದು ಹೊರಗೆ ಕಾಣುವ ಹೆಸರಿನಲ್ಲಿ, ಅಷ್ಟಕ್ಕೆ ಕೈ ಹಾಕಿದರು. ನನಗೆ ಇದು ಒಳ್ಳೆಯ ಲೆಕ್ಕಾಚಾರ ಅನ್ನಿಸುತ್ತದೆ.

ಹೆಸರು ಬದಲಿಸುವುದು, ಒಂದನ್ನು ಹಿಡಿದು

ಹಳೆಯದು ‘ಫೆಚ್_ಅಡಕ್ಕ_ಸ್ಟಾಕ್’, ಹೊಸದು ‘ಗೆಟ್_ಅರೆಕನಟ್_ಸ್ಟಾಕ್’ ಆಗಬೇಕು ಎಂದುಕೊಳ್ಳೋಣ.

ಹೊಸದನ್ನು ಬರೆದು ಹಳೆಯದನ್ನು ಅಳಿಸಬೇಡಿ. ‘ಆಲ್ಟರ್ ಫಂಕ್ಷನ್ ... ರಿನೇಮ್ ಟು’ ಬಳಸಿ. ಹೀಗೆ ಮಾಡಿದರೆ ವಸ್ತು ಅದೇ ಇರುತ್ತದೆ, ಹೆಸರು ಮಾತ್ರ ಬದಲು. ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ), ಟ್ರಿಗರ್ (ಡೇಟಾ ಬದಲಾದಾಗ ತಾನಾಗಿ ಓಡುವುದು), ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ), ಡೀಫಾಲ್ಟ್ (ಏನೂ ಕೊಡದಿದ್ದಾಗ ಹಿಡಿಯುವ) ಮೌಲ್ಯಗಳು ಫಂಕ್ಷನ್ನನ್ನು ಒಳಗಿನ ನಂಬರಿನಿಂದ ಗುರುತಿಸುವುದರಿಂದ ತಾವಾಗಿಯೇ ಹಿಂದೆ ಬರುತ್ತವೆ. ಯಾರಿಗೆ ಅನುಮತಿ ಕೊಟ್ಟಿದ್ದಿರೋ ಅದೂ ಉಳಿಯುತ್ತದೆ.

ಬಾರದೆ ಉಳಿಯುವುದು ಪಿಎಲ್‌ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ಗಳ ಒಡಲು. ಅದು ಬರೀ ಪಠ್ಯ. ಒಳಗೆ ಹಳೇ ಹೆಸರು ಇದ್ದರೆ ಯಾರಾದರೂ ಆ ಸಾಲಿನವರೆಗೆ ಓಡಿಸುವ ತನಕ ಗೊತ್ತಾಗುವುದಿಲ್ಲ. ‘ಪಿಜಿ_ಪ್ರೋಕ್’ನಲ್ಲಿ ‘ಪ್ರೋಎಸ್‌ಆರ್‌ಸಿ’ ಕಾಲಂನಲ್ಲಿ ಹಳೇ ಹೆಸರು ಹುಡುಕಿ, ಆ್ಯಪ್ ಕೋಡ್‌ನಲ್ಲಿ ‘ಗಿಟ್ ಗ್ರೆಪ್’ ಹಾಕಿ (ಗಿಟ್ ಅಂದರೆ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಸಾಧನ, ಗ್ರೆಪ್ ಅದರಲ್ಲಿ ಹುಡುಕುವ ಆಜ್ಞೆ). ತುಂಡು ತುಂಡು ಜೋಡಿಸಿ ಹೆಸರು ಕಟ್ಟುವ ಕೋಡ್ ಇದ್ದರೆ ಎರಡರಲ್ಲೂ ಸಿಗುವುದಿಲ್ಲ, ಹಾಗಾಗಿ ಹೆಸರಿನ ಅರ್ಧ ಭಾಗ ಕೊಟ್ಟೂ ಹುಡುಕಿ.

ನಂತರ ಅದೇ ಟ್ರಾನ್ಸಾಕ್ಷನ್‌ನಲ್ಲಿ (ಎಲ್ಲ ಒಟ್ಟಿಗೆ ಆಗುವ, ಇಲ್ಲವೇ ಒಂದೂ ಆಗದ ಕೆಲಸಗಳ ಕಟ್ಟಿನಲ್ಲಿ) ಹಳೇ ಹೆಸರಿನ ಒಂದು ಸಣ್ಣ ಫಂಕ್ಷನ್ ಮಾಡಿ, ಅದು ಹೊಸದನ್ನು ಕರೆದು ಬಂದದ್ದನ್ನು ಹಾಗೇ ವಾಪಸ್ ಕೊಡಲಿ. ಪೋಸ್ಟ್‌ಗ್ರೆಸ್‌ನಲ್ಲಿ ಇಂಥ ಬದಲಾವಣೆಗಳೂ ಟ್ರಾನ್ಸಾಕ್ಷನ್ ಒಳಗೆ ನಡೆಯುತ್ತವೆ, ಹಳೆಯದೂ ಇಲ್ಲದ ಹೊಸದೂ ಇಲ್ಲದ ಕ್ಷಣ ಯಾರಿಗೂ ಕಾಣುವುದಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಈ ಸುಖ ಇಲ್ಲ, ಅಲ್ಲಿ ಸ್ಟೋರ್ಡ್ ಫಂಕ್ಷನ್‌ಗೆ ರಿನೇಮ್ ಕೂಡ ಇಲ್ಲ. ಮೊದಲು ಹೊಸದನ್ನು ಮಾಡಿ, ಆಮೇಲೆ ಹಳೆಯದನ್ನು ಬದಲಿಸಬೇಕು.

ಈ ಸಣ್ಣ ಫಂಕ್ಷನ್‌ನಲ್ಲೇ ಜನ ಎಡವುವುದು. ಸುಮ್ನೆ ಬರೆದರೆ ಅದು ‘ವೊಲಟೈಲ್’ (ಪ್ರತಿ ಸಲ ಬೇರೆ ಉತ್ತರ ಬರಬಹುದು) ಆಗುತ್ತದೆ, ಹಳೆಯದು ‘ಸ್ಟೇಬಲ್’ (ಒಂದು ಕ್ವೆರಿಯೊಳಗೆ ಉತ್ತರ ಬದಲಾಗದು) ಆಗಿತ್ತಾ ಅಂತ ನೋಡಿ ಅದನ್ನೇ ಹಾಕಿ. ಇಲ್ಲದಿದ್ದರೆ ಇಂಡೆಕ್ಸ್ ಬಳಸುತ್ತಿದ್ದ ಕ್ವೆರಿ ತೆವಳಲು ಶುರುಮಾಡಬಹುದು. ಆರ್ಗ್ಯುಮೆಂಟ್‌ಗಳ ಹೆಸರು, ಡೀಫಾಲ್ಟ್ ಎರಡೂ ಹಳೆಯವೇ ಇರಲಿ, ಹೆಸರು ಹೇಳಿ ಕರೆಯುವವರು ಇರುತ್ತಾರೆ. ಇನ್ನೊಂದು, ಇದಕ್ಕೆ ‘ಸೆಕ್ಯೂರಿಟಿ ಡಿಫೈನರ್’ (ಕರೆದವರ ಬದಲು ಫಂಕ್ಷನ್‌ನ ಒಡೆಯರ ಅನುಮತಿಯಲ್ಲಿ ಓಡಿಸುವ ಗುರುತು) ಹಾಕಬೇಡಿ. ಹೊಸ ಫಂಕ್ಷನ್ ಮಾಡಿದಾಗ ಅದನ್ನು ಓಡಿಸುವ ಅನುಮತಿ ತಾನಾಗಿ ಎಲ್ಲರಿಗೂ ಸಿಗುತ್ತದೆ, ಅದರ ಮೇಲೆ ಇದೂ ಸೇರಿದರೆ ನೀವು ಬೀಗ ಹಾಕಿಟ್ಟಿದ್ದನ್ನು ಹಳೇ ಹೆಸರಿನ ಬಾಗಿಲಿಂದ ಯಾರು ಬೇಕಾದರೂ ತೆಗೆಯಬಹುದು.

ಹಳೇ ಹೆಸರನ್ನು ಇನ್ನೂ ಯಾರು ಕರೆಯುತ್ತಿದ್ದಾರೆ ಎಂದು ತಿಳಿಯಲು ‘ಟ್ರ್ಯಾಕ್_ಫಂಕ್ಷನ್ಸ್’ ಸೆಟ್ಟಿಂಗ್ ಅನ್ನು ‘ಪಿಎಲ್’ ಮಾಡಿ, ಡೀಫಾಲ್ಟ್ ಆಗಿ ಅದು ಆಫ್ ಇರುತ್ತದೆ. ಆಮೇಲೆ ‘ಪಿಜಿ_ಸ್ಟಾಟ್_ಯೂಸರ್_ಫಂಕ್ಷನ್ಸ್’ನಲ್ಲಿ ಎಷ್ಟು ಸಲ ಓಡಿತು ಅಂತ ಬರುತ್ತದೆ. ಆ ಸಣ್ಣ ಫಂಕ್ಷನ್ನನ್ನು ಪಿಎಲ್‌ಪಿಜಿಎಸ್‌ಕ್ಯೂಎಲ್‌ನಲ್ಲೇ ಬರೆಯಿರಿ. ಸಾದಾ ಎಸ್‌ಕ್ಯೂಎಲ್‌ನಲ್ಲಿ ಬರೆದರೆ ಕ್ವೆರಿ ಓಡಿಸುವ ದಾರಿ ತೀರ್ಮಾನಿಸುವ ಪ್ಲ್ಯಾನರ್ ಅದನ್ನು ಕ್ವೆರಿಯೊಳಗೇ ಕರಗಿಸಿಬಿಡಬಹುದು, ಆಗ ಲೆಕ್ಕಕ್ಕೆ ಸಿಗುವುದಿಲ್ಲ. ಒಳಗೆ ಒಂದು ‘ರೈಸ್ ಲಾಗ್’ ಹಾಕಿ ‘ಅಪ್ಲಿಕೇಶನ್_ನೇಮ್’ ಬರೆಸಿದರೆ ಕರೆದವರು ಯಾರು ಅಂತಲೂ ಗೊತ್ತಾಗುತ್ತದೆ.

ಗಿಟ್‌ನಲ್ಲಿ

ಹೆಸರು ಬದಲಿಸಿದ ಕಮಿಟ್‌ನಲ್ಲಿ (ಒಟ್ಟಿಗೆ ದಾಖಲಿಸುವ ಬದಲಾವಣೆಗಳ ಕಂತಿನಲ್ಲಿ) ಬೇರೆ ಏನೂ ಇರಬಾರದು. ಹೋಗುತ್ತ ಹೋಗುತ್ತ ಒಂದು ಬಗ್ ಕೂಡ ಸರಿಮಾಡಿದೆ ಅಂದರೆ ರಿವ್ಯೂ ಮಾಡುವವರಿಗೆ ಅದು ಕಾಣುವುದಿಲ್ಲ. ನೂರಾರು ಸಾಲು ಒಂದೇ ಸಲ ಬದಲಾಗುವುದರಿಂದ ಯಾವ ಸಾಲು ಯಾರು ಬರೆದದ್ದೆಂದು ತೋರಿಸುವ ‘ಬ್ಲೇಮ್’ನಲ್ಲಿ ಎಲ್ಲ ಸಾಲಿಗೂ ನಿಮ್ಮ ಹೆಸರೇ ಬರುತ್ತದೆ. 2019ರ ಗಿಟ್ 2.23ರಿಂದ ಇದಕ್ಕೆ ದಾರಿ ಇದೆ. ಅಂಥ ಕಮಿಟ್‌ಗಳ ಗುರುತನ್ನು ಒಂದು ಫೈಲ್‌ಗೆ ಹಾಕಿ ‘ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ ಸೆಟ್ಟಿಂಗ್‌ನಲ್ಲಿ ಕೊಟ್ಟರೆ ಅವುಗಳನ್ನು ದಾಟಿ ಹಿಂದಿನವರನ್ನು ತೋರಿಸುತ್ತದೆ.

ಕಾವಲು

ನಿಯಮದ ಪುಟವನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಹಾಗಾಗಿ ಮಷೀನ್ ಕಾಯಲಿ. ಟೆಸ್ಟ್ ಓಡುವಾಗ ಖಾಲಿ ಡೇಟಾಬೇಸ್‌ನಲ್ಲಿ ಮೈಗ್ರೇಷನ್‌ಗಳೆಲ್ಲ (ಡೇಟಾಬೇಸ್‌ನ ರಚನೆ ಕಟ್ಟುವ, ಬದಲಿಸುವ ಸ್ಕ್ರಿಪ್ಟ್‌ಗಳು) ಓಡಿದ ಮೇಲೆ, ಮೊದಲು ಬರೆದ ಅದೇ ಪಟ್ಟಿ ಕ್ವೆರಿ ಓಡಿಸಿ, ಕ್ರಿಯಾಪದ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಫೇಲ್ ಮಾಡಿ. ಹಳೇ ಪಾಪಗಳಿಗೆ ಒಂದು ವಿನಾಯಿತಿ ಫೈಲ್ ಇರಲಿ. ಅದರಿಂದ ಹೆಸರು ತೆಗೆಯಬಹುದು, ಸೇರಿಸುವಂತಿಲ್ಲ. ಹೊಸ ಕ್ರಿಯಾಪದ ನಿಜವಾಗಿ ಬೇಕಾದರೆ ಪಟ್ಟಿಗೇ ಸೇರಿಸಲಿ, ಅದು ರಿವ್ಯೂನಲ್ಲಿ ಎಲ್ಲರಿಗೂ ಕಾಣುತ್ತದೆ.

ಹಳೆಯದನ್ನು ತೆಗೆಯುವುದು

ಅವಸರ ಮಾಡಬೇಡಿ. ವಾರವಿಡೀ ಹಳೇ ಹೆಸರು ಓಡಿದ ಲೆಕ್ಕ ಸೊನ್ನೆ ಬಂತು ಅಂತ ತೆಗೆದರೆ ಮಾರ್ಚ್ 31ರ ವರ್ಷಾಂತ್ಯದ ರಿಪೋರ್ಟ್ ಆ ಹಳೇ ಹೆಸರನ್ನು ಕರೆಯುತ್ತದೆ, ಅದೂ ಸಂಘದ ಕಚೇರಿಯಲ್ಲಿ ಎಲ್ಲರೂ ರಾತ್ರಿವರೆಗೆ ಕೂತಿರುವ ದಿನ. ಒಂದು ಅಡಿಕೆ ಸೀಸನ್ ಮತ್ತು ಒಂದು ಮಾರ್ಚ್ ಮುಗಿಯಲಿ. ಸರ್ವರ್ ಕ್ರ್ಯಾಶ್ ಆದರೆ ಎಷ್ಟು ಸಲ ಓಡಿತೆಂಬ ಆ ಲೆಕ್ಕ ಸೊನ್ನೆಗೆ ಹೋಗುವುದರಿಂದ ಆಗಾಗ ಬರೆದಿಟ್ಟುಕೊಳ್ಳಿ.

ತೆಗೆಯುವ ದಿನ ‘ಡ್ರಾಪ್ ಫಂಕ್ಷನ್’ ಜೊತೆ ಆರ್ಗ್ಯುಮೆಂಟ್ ಟೈಪ್‌ಗಳನ್ನೂ ಬರೆಯಿರಿ, ಒಂದೇ ಹೆಸರಿನ ಎರಡು ಇದ್ದರೆ ಯಾವುದು ಅಂತ ಅದಕ್ಕೆ ಗೊತ್ತಾಗಬೇಕಲ್ಲ. ಯಾವುದಾದರೂ ವ್ಯೂ ಅದನ್ನು ಹಿಡಿದುಕೊಂಡಿದ್ದರೆ ಪೋಸ್ಟ್‌ಗ್ರೆಸ್ ಆಗುವುದಿಲ್ಲ ಅನ್ನುತ್ತದೆ, ಕೆಳಗೆ ‘ಕ್ಯಾಸ್ಕೇಡ್’ ಹಾಕಿ ನೋಡಿ ಅಂತ ಸುಳಿವನ್ನೂ ಕೊಡುತ್ತದೆ. ಹಾಕಬೇಡಿ, ಆ ವ್ಯೂ ಕೂಡ ಜೊತೆಗೇ ಹೋಗುತ್ತದೆ. ಅದರ ಹೆಸರು ಬರೆದುಕೊಂಡು, ಅದರೊಳಗೆ ಹೊಸ ಹೆಸರು ಹಾಕಿ, ಆಮೇಲೆ ಬಂದು ಡ್ರಾಪ್ ಮಾಡಿ.